ಪ್ರಯೋಗಾಲಯದ ಸಿಂಕಿನಿಂದ ಶುರು ಮಾಡೋಣ

ಜೂನ್ 5 ವಿಶ್ವ ಪರಿಸರ ದಿನ. ಅಂದು ಗಿಡ ನೆಡುತ್ತೇವೆ, ಘೋಷಣೆ ಕೂಗುತ್ತೇವೆ, ಚಾರ್ಟ್ ಬರೆದು ಗೋಡೆಗೆ ಅಂಟಿಸುತ್ತೇವೆ. ವಿಜ್ಞಾನ ಪ್ರದರ್ಶನ ಬಂತೆಂದರೆ ಥರ್ಮೋಕೋಲಿನಲ್ಲಿ ಕಾರ್ಖಾನೆ, ಹತ್ತಿಯಲ್ಲಿ ಹೊಗೆ, ನೀಲಿ ಬಣ್ಣದಲ್ಲಿ ನದಿ ಮಾಡಿ ‘ಮಾಲಿನ್ಯ ನಿಲ್ಲಿಸಿ’ ಎಂದು ಬರೆಯುತ್ತೇವೆ. ಪ್ರದರ್ಶನ ಮುಗಿದ ಮರುದಿನ ಆ ಥರ್ಮೋಕೋಲ್ ಕಸದ ಗಾಡಿಗೆ ಹೋಗುತ್ತದೆ. ಥರ್ಮೋಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅದು ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಪರಿಸರ ಉಳಿಸುವ ಪ್ರಾಜೆಕ್ಟ್ ಎಂದು ಶುರುವಾದದ್ದು ಪರಿಸರಕ್ಕೆ ಒಂದು ಚೀಲ ಕಸ ಸೇರಿಸಿ ಮುಗಿಯುತ್ತದೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ರಸಾಯನಶಾಸ್ತ್ರದ ಬಗ್ಗೆ ಬರೆಯಲು ಇವಳಾರು ಎಂದು ವಿಜ್ಞಾನ ವಿಭಾಗದ ಗೆಳತಿಯರು ಕೇಳಬಹುದು. ಮನೆಯಲ್ಲಿ ಆಪಾ ಬಿ.ಎಸ್ಸಿ. ಓದುತ್ತಿದ್ದಾರೆ. ಇಲ್ಲಿರುವ ಪ್ರಯೋಗಗಳನ್ನು ಅವರು ನನಗೆ ವಿವರಿಸಿದರು. ಲೆಕ್ಕದ ಕೆಲಸ ನನ್ನದು. ನಮ್ಮ ಅಕೌಂಟೆನ್ಸಿಯಲ್ಲಿ ಮೊದಲು ಕಲಿಸುವ ಪಾಠ ಇದು: ಪ್ರತಿ ಡೆಬಿಟ್‌ಗೆ ಒಂದು ಕ್ರೆಡಿಟ್ ಇರಲೇಬೇಕು. ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದಿರುತ್ತದೆ. ರಸಾಯನಶಾಸ್ತ್ರದವರಿಗೂ ಇದೇ ಮಾತನ್ನು ಕಲಿಸುತ್ತಾರೆ, ಹೆಸರು ಮಾತ್ರ ಬೇರೆ: ರಾಶಿ ಸಂರಕ್ಷಣಾ ನಿಯಮ. ಈ ನಿಯಮವನ್ನು ತನ್ನ 1789ರ ಪಠ್ಯಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಿದ ಫ್ರಾನ್ಸಿನ ವಿಜ್ಞಾನಿ ಆಂಟನಿ ಲವಾಸಿಯೆ ವೃತ್ತಿಯಿಂದ ತೆರಿಗೆ ವಸೂಲಿಯ ಪಾಲುದಾರನೂ ಆಗಿದ್ದ. ತಕ್ಕಡಿ ಮತ್ತು ಲೆಕ್ಕದ ಪುಸ್ತಕ ಎರಡೂ ಅವನ ಕೈಯಲ್ಲಿದ್ದವು.

ಈ ನಿಯಮದ ಅರ್ಥ ಸರಳ. ಸಿಂಕಿಗೆ ಸುರಿದದ್ದು ಮಾಯವಾಗುವುದಿಲ್ಲ. ಅದು ಬೇರೆ ಯಾರದೋ ಖಾತೆಗೆ ಹೋಗುತ್ತದೆ. ಚರಂಡಿಗೋ, ಇಂಗುಗುಂಡಿಗೋ, ಪಕ್ಕದ ಬೋರ್‌ವೆಲ್ಲಿಗೋ, ಗಾಜಿನ ಸಾಮಾನು ತೊಳೆಯುವ ಲ್ಯಾಬ್ ಅಟೆಂಡರ್ ಅಣ್ಣನ ಕೈಗೋ ಸೇರುತ್ತದೆ. ಆದ್ದರಿಂದ ಪರಿಸರ ಪ್ರಾಜೆಕ್ಟ್ ಎಂದರೆ ಮೊದಲು ಎಷ್ಟಿತ್ತು, ನಾವು ಏನು ಮಾಡಿದೆವು, ಆಮೇಲೆ ಎಷ್ಟಾಯಿತು ಎಂದು ಅಂಕಿಯಲ್ಲಿ ತೋರಿಸುವ ಕೆಲಸ. ಆ ಅಂಕಿ ಇಲ್ಲದಿದ್ದರೆ ಅದು ಪ್ರಾಜೆಕ್ಟ್ ಅಲ್ಲ, ಅಲಂಕಾರ. ನಮ್ಮ ಕಾಲೇಜಿನಲ್ಲೇ, ಇರುವ ಸಾಮಾನಿನಲ್ಲೇ ಮಾಡಬಹುದಾದ ಮೂರು ಪ್ರಾಜೆಕ್ಟ್‌ಗಳನ್ನು ಕೆಳಗೆ ಕೊಟ್ಟಿದ್ದೇನೆ.

ಒಂದು: ಪ್ರಯೋಗಾಲಯದ ತ್ಯಾಜ್ಯದ ಲೆಕ್ಕ

ಮಾಲಿನ್ಯ ಹುಡುಕಲು ದೂರದ ನದಿಗೆ ಹೋಗಬೇಕಾಗಿಲ್ಲ. ದ್ವಿತೀಯ ಪಿಯುಸಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಅನುಮಾಪನ ಎಲ್ಲರೂ ಮಾಡುತ್ತಾರೆ. ಒಬ್ಬರಿಗೆ 100 ಮಿ.ಲೀ. ದ್ರಾವಣ ಕೊಟ್ಟರೆ ಮೂರು ಬಾರಿ ಅನುಮಾಪನ ಮಾಡಿದ ಮೇಲೂ ಬೇಕಾದಷ್ಟು ಉಳಿಯುತ್ತದೆ. ಉಳಿದದ್ದು ಸಿಂಕಿಗೆ. 40 ಜನರ ತರಗತಿಗೆ ಲೆಕ್ಕ ಹಾಕಿ:

40 × 100 ಮಿ.ಲೀ. = 4 ಲೀಟರ್
ಸಾಂದ್ರತೆ 0.02 ಮೋಲಾರ್ ಆದರೆ 4 × 0.02 = 0.08 ಮೋಲ್
ಪರ್ಮಾಂಗನೇಟಿನ ಮೋಲಾರ್ ರಾಶಿ 158, ಆದ್ದರಿಂದ 0.08 × 158 = 12.6 ಗ್ರಾಂ

ಇದು ಒಂದು ತರಗತಿಯ ಒಂದು ದಿನದ ಲೆಕ್ಕ. ವರ್ಷಕ್ಕೆ ಎಷ್ಟು ಬ್ಯಾಚ್, ಎಷ್ಟು ದಿನ ಎಂದು ಗುಣಿಸಿ ನೋಡಿ. ಇದರ ಜೊತೆಗೆ ಆಮ್ಲಗಳು, ಪ್ರತ್ಯಾಮ್ಲಗಳು, ಲವಣ ವಿಶ್ಲೇಷಣೆಯ ದ್ರಾವಣಗಳೂ ಇವೆ. ಲವಣ ವಿಶ್ಲೇಷಣೆಯಲ್ಲಿ ಸೀಸದ ಲವಣ ಬಂದರೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿ ಹಳದಿ ಒತ್ತರ ಬಂತೆಂದು ಸಂತೋಷಪಡುತ್ತೇವೆ. ಆ ಹಳದಿ ವಸ್ತು ಲೆಡ್ ಕ್ರೋಮೇಟ್. ಅದರಲ್ಲಿ ಸೀಸವೂ ಇದೆ, ಕ್ರೋಮಿಯಮ್ಮೂ ಇದೆ. ಎರಡೂ ವಿಷ. ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆಂದು ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿತು. ಅದೇ ಸೀಸವನ್ನು ನಾವು ನಲ್ಲಿ ಬಿಟ್ಟು ತೊಳೆದು ಕಳಿಸುವುದು ಸರಿಯೇ?

1998ರಲ್ಲಿ ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ ಎಂಬ ರಸಾಯನಶಾಸ್ತ್ರಜ್ಞರು ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಪ್ರಕಟಿಸಿದರು. ಮೊದಲನೆಯ ತತ್ವವೇ, ತ್ಯಾಜ್ಯವನ್ನು ಆಮೇಲೆ ಶುದ್ಧಿ ಮಾಡುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಮೇಲು ಎಂಬುದು. ಅದನ್ನು ನಮ್ಮ ಲ್ಯಾಬಿನಲ್ಲಿ ಹೀಗೆ ಪಾಲಿಸಬಹುದು:

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ. ಸಿಂಕಿನ ಪಕ್ಕ ಒಂದು ರಿಜಿಸ್ಟರ್ ಇಟ್ಟು, ಯಾವ ದ್ರಾವಣ ಎಷ್ಟು ಮಿ.ಲೀ. ಸುರಿದಿರಿ ಎಂದು ಬರೆಯಿರಿ. ಸಿಂಕಿನ ಪೈಪ್ ಎಲ್ಲಿಗೆ ಸೇರುತ್ತದೆ ಎಂದು ಹಿಂಬಾಲಿಸಿ ಒಂದು ನಕ್ಷೆ ಬಿಡಿಸಿ. ಇದು ‘ಮೊದಲು’ ಎಂಬ ಅಂಕಿ.

ಮೂರನೆಯ ವಾರದಿಂದ ಪ್ರಮಾಣ ಇಳಿಸಿ. ಅಭ್ಯಾಸದ ದಿನಗಳಲ್ಲಿ 10 ಮಿ.ಲೀ. ಬದಲು 5 ಮಿ.ಲೀ. ಪಿಪೆಟ್ ಬಳಸಿದರೆ ದ್ರಾವಣ ಅರ್ಧ ಸಾಕು. ಇದರಲ್ಲಿ ಒಂದು ನಷ್ಟವೂ ಇದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ಯೂರೆಟ್ ಓದುವಾಗ 0.05 ಮಿ.ಲೀ. ವ್ಯತ್ಯಾಸವಾದರೆ 10 ಮಿ.ಲೀ.ಗೆ ಅದು ಶೇ. 0.5, 5 ಮಿ.ಲೀ.ಗೆ ಶೇ. 1. ಆದ್ದರಿಂದ ಕೈ ಪಳಗುವವರೆಗೆ ಅರ್ಧ ಪ್ರಮಾಣ, ಪರೀಕ್ಷೆಗೆ ಮುಂಚಿನ ಅಭ್ಯಾಸಕ್ಕೆ ಪೂರ್ತಿ ಪ್ರಮಾಣ ಎಂದು ಇಟ್ಟುಕೊಳ್ಳಬಹುದು. ಲವಣ ವಿಶ್ಲೇಷಣೆಗೆ ಪರೀಕ್ಷಾ ನಳಿಕೆಯಲ್ಲಿ 2 ಮಿ.ಲೀ. ಸುರಿಯುವ ಬದಲು ಗುಳಿಗಳಿರುವ ಬಿಳಿ ಟೈಲ್ ಮೇಲೆ ಡ್ರಾಪರಿನಿಂದ 5 ಹನಿ ಹಾಕಿದರೆ ಬಣ್ಣ ಅಷ್ಟೇ ಚೆನ್ನಾಗಿ ಕಾಣುತ್ತದೆ. ಸುಮಾರು 20 ಹನಿಗೆ 1 ಮಿ.ಲೀ. ಆಗುತ್ತದೆ, ಅಂದರೆ ಎಂಟನೇ ಒಂದು ಭಾಗ ಸಾಕಾಯಿತು.

ಉಳಿದದ್ದನ್ನು ಬೇರೆ ಬೇರೆ ಬಾಟಲಿಗೆ ಹಾಕಿ. ಒಂದರ ಮೇಲೆ ‘ಆಮ್ಲ’, ಒಂದರ ಮೇಲೆ ‘ಪ್ರತ್ಯಾಮ್ಲ’, ಒಂದರ ಮೇಲೆ ‘ಪರ್ಮಾಂಗನೇಟ್’, ಒಂದರ ಮೇಲೆ ‘ಸೀಸ, ಕ್ರೋಮಿಯಂ: ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ. ಉಳಿದ ಪರ್ಮಾಂಗನೇಟಿಗೆ ಉಳಿದ ಆಕ್ಸಾಲಿಕ್ ಆಮ್ಲವೇ ಔಷಧ. ದುರ್ಬಲ ಗಂಧಕಾಮ್ಲದ ಜೊತೆ ಬೆಚ್ಚಗೆ ಮಾಡಿ ಸೇರಿಸಿದರೆ ನೇರಳೆ ಬಣ್ಣ ಹೋಗುತ್ತದೆ. ಇದು ನೀವು ಪರೀಕ್ಷೆಗೆ ಮಾಡುವ ಕ್ರಿಯೆಯೇ. ಬಳಿಕ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಿ, ನೊರೆ ನಿಂತ ಮೇಲೆ ಪಿಎಚ್ ಕಾಗದದಲ್ಲಿ 6ರಿಂದ 8ರ ನಡುವೆ ಬಂದಿದೆಯೇ ಎಂದು ನೋಡಿ. ಸೀಸ ಮತ್ತು ಕ್ರೋಮಿಯಂ ಬಾಟಲಿಯನ್ನು ಮಾತ್ರ ವಿದ್ಯಾರ್ಥಿಗಳು ತೆರೆಯಬಾರದು. ಅದು ಮುಚ್ಚಿದಂತೆಯೇ ಉಪನ್ಯಾಸಕರ ವಶದಲ್ಲಿದ್ದು, ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ವಿಲೇವಾರಿಯಾಗಬೇಕು.

ವರ್ಷದ ಕೊನೆಗೆ ಎರಡು ಅಂಕಿ ಸಿಗುತ್ತವೆ: ಸಿಂಕಿಗೆ ಹೋಗದೆ ಉಳಿದ ಲೀಟರ್, ರಾಸಾಯನಿಕ ಖರೀದಿಯಲ್ಲಿ ಉಳಿದ ರೂಪಾಯಿ. ಎರಡನೆಯ ಅಂಕಿಯನ್ನು ಕಾಲೇಜಿನ ಆಡಳಿತದವರೂ ಆಸಕ್ತಿಯಿಂದ ನೋಡುತ್ತಾರೆ.

ಎರಡು: ಕರಿದ ಎಣ್ಣೆಯಿಂದ ಸೋಪು

ರಮಝಾನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಅಸರ್ ನಮಾಝ್ ಮುಗಿಯುತ್ತಲೇ ಬಾಣಲೆ ಒಲೆಗೆ ಏರುತ್ತದೆ. ಸಮೋಸ, ಪಕೋಡ, ಬೋಂಡ. ಕರಿದು ಕಪ್ಪಾದ ಎಣ್ಣೆಯನ್ನು ಏನು ಮಾಡುವುದು? ಮತ್ತೆ ಮತ್ತೆ ಕಾಯಿಸಿದರೆ ಆರೋಗ್ಯಕ್ಕೆ ಕೆಟ್ಟದ್ದು. ಎಣ್ಣೆ ಪದೇ ಪದೇ ಕಾದಾಗ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಿಂದ ನಿಯಮ ಮಾಡಿದೆ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ‘ರೂಕೋ’ ಯೋಜನೆಯನ್ನೂ ಅದೇ ವರ್ಷ ಶುರು ಮಾಡಿತು. ಚರಂಡಿಗೆ ಸುರಿದರೆ ಜಿಡ್ಡು ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ನೀರಿನ ಮೇಲೆ ಪದರವಾಗಿ ಹರಡಿದರೆ ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಕಡಿಮೆಯಾಗುತ್ತದೆ.

ಇಲ್ಲಿ ಸಾಬೂನೀಕರಣ ನಮ್ಮ ನೆರವಿಗೆ ಬರುತ್ತದೆ. ಎಣ್ಣೆಯ ಒಂದು ಅಣು ಮೂರು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ವರ್ತಿಸಿ ಮೂರು ಸೋಪು ಮತ್ತು ಒಂದು ಗ್ಲಿಸರಾಲ್ ಕೊಡುತ್ತದೆ. ಅಡುಗೆ ಎಣ್ಣೆಯ ಮೋಲಾರ್ ರಾಶಿ ಸುಮಾರು 880. ಮೂರು ಸೋಡಿಯಂ ಹೈಡ್ರಾಕ್ಸೈಡ್ ಎಂದರೆ 3 × 40 = 120. ಹಾಗಾದರೆ 100 ಗ್ರಾಂ ಎಣ್ಣೆಗೆ ಸುಮಾರು 13.6 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಪೂರ್ತಿ ಹಾಕಿದರೆ ಸೋಡಾ ಉಳಿದು ಕೈ ಸುಡುವ ಭಯ. ಆದ್ದರಿಂದ 12.5 ಗ್ರಾಂ ಹಾಕಿ, ಸ್ವಲ್ಪ ಎಣ್ಣೆಯೇ ಉಳಿಯಲಿ ಎಂದು ಬಿಡುತ್ತಾರೆ.

ಮಾಡುವ ಕ್ರಮ: ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ 100 ಗ್ರಾಂ ತೂಗಿ. ಬೋರೋಸಿಲ್ ಬೀಕರಿನಲ್ಲಿ 35 ಮಿ.ಲೀ. ನೀರು ತೆಗೆದುಕೊಂಡು ಅದಕ್ಕೆ 12.5 ಗ್ರಾಂ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು. ತುಂಬಾ ಬಿಸಿ ಹುಟ್ಟಿ ಸಿಡಿಯುತ್ತದೆ. ದ್ರಾವಣ ಸುಮಾರು 40 ಡಿಗ್ರಿಗೆ ತಣಿದ ಮೇಲೆ ಎಣ್ಣೆಗೆ ನಿಧಾನವಾಗಿ ಸೇರಿಸಿ, ಗಟ್ಟಿ ಮಜ್ಜಿಗೆಯಂತೆ ಆಗುವವರೆಗೆ ಕಲಕಿ. ತೊಳೆದ ಜ್ಯೂಸ್ ಡಬ್ಬಿಯಲ್ಲಿ ಎರಡು ದಿನ ಇಟ್ಟು, ಕೈಗವಸು ಹಾಕಿಕೊಂಡು ತುಂಡು ಮಾಡಿ, ಗಾಳಿಯಾಡುವ ಕಡೆ ನಾಲ್ಕು ವಾರ ಒಣಗಿಸಿ. ಒಂದು ಚೂರನ್ನು ನೀರಿನಲ್ಲಿ ಕರಗಿಸಿ ಪಿಎಚ್ ನೋಡಿ. 9ರಿಂದ 10 ಇದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಬಳಸಬೇಡಿ. ಈ ಸೋಪು ಪಾತ್ರೆಗೆ, ನೆಲಕ್ಕೆ ಮಾತ್ರ; ಮುಖಕ್ಕೂ ಮೈಗೂ ಅಲ್ಲ.

ಅಲ್ಯೂಮಿನಿಯಂ ಪಾತ್ರೆಯನ್ನು ಎಂದೂ ಬಳಸಬೇಡಿ. ಸೋಡಾ ಅದನ್ನು ತಿಂದು, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲ ಹೊರಡಿಸುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಸೋಡಾ ಡಬ್ಬಿ ತೆರೆಯಬೇಡಿ. ಮೈಮೇಲೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಬೇಕು. ಇದನ್ನು ಮನೆಯ ಅಡುಗೆಮನೆಯಲ್ಲಿ, ಚಿಕ್ಕ ತಮ್ಮ ತಂಗಿಯರ ನಡುವೆ ಮಾಡುವುದು ಬೇಡ. ಎಣ್ಣೆಯನ್ನು ಮನೆಯಿಂದ ತನ್ನಿ, ಸೋಪನ್ನು ಲ್ಯಾಬಿನಲ್ಲಿ ಉಪನ್ಯಾಸಕರ ಎದುರು ಮಾಡಿ.

ಇನ್ನು ಇದರ ಲೆಕ್ಕ. ಎಷ್ಟು ಮನೆಯಿಂದ ಎಷ್ಟು ಎಣ್ಣೆ ಬಂತು ಎಂದು ಬರೆಯಿರಿ. ಸೋಡಾ, ಕೈಗವಸು, ಬಟ್ಟೆ ಎಲ್ಲದರ ಬಿಲ್ ಇಟ್ಟುಕೊಂಡು, ಒಟ್ಟು ಖರ್ಚನ್ನು ಸೋಪಿನ ಸಂಖ್ಯೆಯಿಂದ ಭಾಗಿಸಿ ಒಂದು ಸೋಪಿನ ವೆಚ್ಚ ತೆಗೆಯಿರಿ. ಎಣ್ಣೆ ಪುಕ್ಕಟೆ ಎಂದು ಸೋಪೂ ಪುಕ್ಕಟೆ ಆಗುವುದಿಲ್ಲ. ಅಂಗಡಿಯ ಪಾತ್ರೆ ಸೋಪಿಗಿಂತ ಹೆಚ್ಚು ಬಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು. ಏಕೆಂದರೆ ಈ ಪ್ರಾಜೆಕ್ಟಿನ ಲಾಭದ ಸಾಲಿನಲ್ಲಿ ಮೊದಲು ನಿಲ್ಲುವುದು ರೂಪಾಯಿ ಅಲ್ಲ, ಚರಂಡಿಗೆ ಹೋಗದ ಎಣ್ಣೆ.

ಮೂರು: ನಮ್ಮ ನೀರಿನ ಪಾಸ್‌ಬುಕ್

ನಮ್ಮ ಮನೆಗಳಲ್ಲಿ ನೀರನ್ನು ‘ಮೀಠಾ ಪಾನಿ’, ‘ಖಾರಾ ಪಾನಿ’ ಎಂದು ಎರಡು ಭಾಗ ಮಾಡುತ್ತಾರೆ. ರಸಾಯನಶಾಸ್ತ್ರದಲ್ಲಿ ಮೆದು ನೀರು, ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿದ್ದರೆ ಗಡಸು. ಅಂಥ ನೀರಿನಲ್ಲಿ ಸೋಪು ನೊರೆ ಕೊಡುವ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ. ಅಮ್ಮಿ ಇನ್ನೊಂದು ಚಮಚ ಪೌಡರ್ ಹಾಕುತ್ತಾರೆ, ಆಮೇಲೆ ಮತ್ತೊಂದು. ಹಾಗೆ ಊರೆಲ್ಲ ಹಾಕಿದ ಪೌಡರ್ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆ ಸಾಕ್ಷಿ. ಸಂಸ್ಕರಿಸದ ಕೊಳಚೆ ನೀರು ಮತ್ತು ಡಿಟರ್ಜೆಂಟ್ ಸೇರಿ ಅಲ್ಲಿ ನೊರೆ ರಸ್ತೆಗೆ ಹಾರಿತು. 2015ರಲ್ಲಿ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು.

ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕ್, ನಗರದ ನಲ್ಲಿ, ಆರ್‌ಒ ಶುದ್ಧ ನೀರು, ಆರ್‌ಒ ಹೊರಬಿಡುವ ನೀರು, ಮಳೆ ನೀರು: ಹೀಗೆ ಆರು ಮಾದರಿ ತೆಗೆದುಕೊಳ್ಳಿ. ಖರ್ಚಿಲ್ಲದ ವಿಧಾನ ಸೋಪಿನ ದ್ರಾವಣ. 10 ಮಿ.ಲೀ. ನೀರಿಗೆ ಹನಿ ಹನಿಯಾಗಿ ಹಾಕಿ ಕುಲುಕುತ್ತಾ, ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ನಿಖರ ವಿಧಾನ ಇಡಿಟಿಎ ಅನುಮಾಪನ. 50 ಮಿ.ಲೀ. ನೀರಿಗೆ ಪಿಎಚ್ 10ರ ಅಮೋನಿಯಾ ಬಫರ್, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಹಾಕಿ, 0.01 ಮೋಲಾರ್ ಇಡಿಟಿಎ ಬಿಡುತ್ತಾ ಹೋದರೆ ದ್ರಾಕ್ಷಿಗೆಂಪು ಬಣ್ಣ ನೀಲಿಗೆ ತಿರುಗುತ್ತದೆ. ಈ ಇಡಿಟಿಎಯ 1 ಮಿ.ಲೀ., 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 12 ಮಿ.ಲೀ. ಬೇಕಾಯಿತು ಎಂದಿಟ್ಟುಕೊಳ್ಳಿ: 12 × 1000 ÷ 50 = ಲೀಟರಿಗೆ 240 ಮಿ.ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200ರೊಳಗೆ ಇರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಈ ಅಂಕಿಗಳು ಬಂದ ಮೇಲೆ ಯಾವ ನೀರು ಯಾವ ಕೆಲಸಕ್ಕೆ ಎಂದು ತೀರ್ಮಾನಿಸಬಹುದು. ಆರ್‌ಒ ಯಂತ್ರದ ಎರಡು ಪೈಪಿಗೂ ಒಂದೊಂದು ಬಕೆಟ್ ಇಟ್ಟು, ಒಂದು ಗಂಟೆಯಲ್ಲಿ ಶುದ್ಧ ನೀರೆಷ್ಟು, ಹೊರಬಿದ್ದದ್ದೆಷ್ಟು ಎಂದು ಅಳೆಯಿರಿ. ಹೊರಬಿದ್ದ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಅದು ಶೌಚಾಲಯಕ್ಕೆ, ನೆಲ ಒರೆಸಲು ಸರಿ. ಪರೀಕ್ಷಿಸದೆ ಗಿಡಕ್ಕೆ ಹಾಕಬೇಡಿ. ಮಳೆ ನೀರು ಗಡಸಲ್ಲ, ಬಟ್ಟೆಗೂ ಪಾತ್ರೆಗೂ ಒಳ್ಳೆಯದು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 100 ಚದರ ಮೀಟರಿಗೆ 10 ಮಿ.ಮೀ. ಬಿದ್ದರೆ 1000 ಲೀಟರ್.

ಕೊನೆಯದಾಗಿ ನಮಾಝ್ ಕೋಣೆಯ ವುಝೂ ನಲ್ಲಿಗಳು. ಒಂದು ನಲ್ಲಿಯಿಂದ ನಿಮಿಷಕ್ಕೆ 6 ಲೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಎರಡು ನಿಮಿಷ ಬಿಟ್ಟಿದ್ದರೆ 12 ಲೀಟರ್. ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಇಂದಿನ ಅಳತೆಯಲ್ಲಿ ಅದು ಒಂದು ಲೀಟರಿಗಿಂತ ಕಡಿಮೆ. ‘ಇಸ್ರಾಫ್ ಮಾಡಬೇಡಿ’ ಎಂದು ಹಿರಿಯರು ಹೇಳುವುದನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಬೀಕರ್ ಹಿಡಿದು ಅಳೆದಾಗ ಆ ಮಾತಿನ ತೂಕ ತಿಳಿಯುತ್ತದೆ. ವುಝೂ ನೀರಿನಲ್ಲಿ ಸೋಪು ಇರುವುದಿಲ್ಲ. ಅದರ ಪಿಎಚ್ ಮತ್ತು ಗಡಸುತನವನ್ನು ನಲ್ಲಿಯ ನೀರಿನೊಂದಿಗೆ ಹೋಲಿಸಿ. ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಒಂದು ಪೈಪ್ ಹಾಕಿ ಆ ನೀರನ್ನು ಜೂನ್ 5ರಂದು ನೆಟ್ಟ ಗಿಡಗಳಿಗೇ ಬಿಡಬಹುದು.

ಯಾರು ಏನು ಮಾಡಬೇಕು?

ಪ್ರತಿ ಪ್ರಾಜೆಕ್ಟಿಗೆ ಐದಾರು ಜನ ಸಾಕು. ಇಬ್ಬರು ಪ್ರಯೋಗ ಮಾಡಲಿ, ಒಬ್ಬರು ಸುರಕ್ಷತೆ ನೋಡಲಿ, ಒಬ್ಬರು ರಿಜಿಸ್ಟರ್ ಬರೆಯಲಿ, ಒಬ್ಬರು ಲ್ಯಾಬ್ ಅಟೆಂಡರ್ ಅಣ್ಣನ ಜೊತೆ ಮಾತಾಡಲಿ. ಯಾವ ದಿನ ಎಷ್ಟು ಸುರಿಯುತ್ತಾರೆ ಎಂಬುದು ನಮ್ಮೆಲ್ಲರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪ್ರಾಜೆಕ್ಟ್ ಹಣದಲ್ಲಿ ಮೊದಲ ಖರೀದಿ ಅವರಿಗೆ ಒಂದು ಜೊತೆ ಒಳ್ಳೆಯ ರಬ್ಬರ್ ಕೈಗವಸು ಆಗಲಿ.

ರಿಜಿಸ್ಟರಿಗೆ ನಾಲ್ಕು ಕಾಲಂ ಬೇಕು: ದಿನಾಂಕ, ಮೊದಲ ಅಳತೆ, ಮಾಡಿದ ಕೆಲಸ, ನಂತರದ ಅಳತೆ. ಅಂಕಿ ನಮಗೆ ಬೇಕಾದಂತೆ ಬರದಿದ್ದರೂ ಅಳಿಸಬಾರದು. ನಮ್ಮ ಅಕೌಂಟೆನ್ಸಿಯಲ್ಲಿ ಅಳಿಸಿ ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಕಾಲಂ ಎಳೆಯುವುದು, ಬಿಲ್ ಜೋಡಿಸುವುದು, ತಿಂಗಳ ಕೊನೆಗೆ ಮೊತ್ತ ಹಾಕುವುದು ವಾಣಿಜ್ಯ ವಿಭಾಗದ ನಾವು ಮಾಡಿಕೊಡುತ್ತೇವೆ. ಬ್ಯೂರೆಟ್ ಹಿಡಿಯುವುದು ನಿಮ್ಮ ಕೆಲಸ. ಮುಂದಿನ ಪ್ರದರ್ಶನದಲ್ಲಿ ನಮ್ಮ ಮೇಜಿನ ಮೇಲೆ ಥರ್ಮೋಕೋಲ್ ಇರುವುದು ಬೇಡ. ಒಂದು ರಿಜಿಸ್ಟರ್, ಆರು ಬಾಟಲಿ ನೀರು ಮತ್ತು ಒಂದು ಸಾಲು ಸೋಪು ಸಾಕು.